ಮೊದಲನೇ ಸಾಲಿನಲ್ಲಿ ಒಂದು ಕರ್ಚೀಫು

"ಈ ಸಲ ಮೊದಲನೇ ಸಾಲು! ನಟ್ಟನಡುವೆ! ಕೊನೇವರೆಗೂ! ಅದೂ ಒಂದು ಡಾಲರ್ ಬಿಚ್ಚದಂಗೆ!"

ಸಿಡ್ನಿಯ ಟೂಂಗಾಬಿಯಲ್ಲಿರುವ ತನ್ನ ಮನೆಯ ಅಡಿಗೆಕಟ್ಟೆಯನ್ನು ಗುದ್ದಿ ಗುರುಶಾಂತಪ್ಪ ಹೀಗೆಂದು ಘೋಷಿಸಿದಾಗ ಕಟ್ಟೆಯ ಮೇಲಿದ್ದ ಉಪ್ಪಿನ ಡಬ್ಬಿ ಬೆಚ್ಚಿ ಮಗುಚಿಕೊಂಡಿತು. ಅವನ ಹೆಂಡತಿ ಮಹಾಶ್ವೇತಾ ಬೆಚ್ಚಲಿಲ್ಲ. ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆಯನ್ನು ನಿಲ್ಲಿಸಿದಳು, ಅಷ್ಟೇ.

"ಕೊನೇವರೆಗೂ ಅಂದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ."

"ಕೊನೇವರೆಗೂ!"

"ನನ್ನ ಮುಖ ನೋಡ್ಕೊಂಡು ಹೇಳಿ."

ಗುರುಶಾಂತಪ್ಪ ಮುಖ ನೋಡಿಯೇ ಹೇಳಿದ. ಹೇಳಿದ್ದೇ ತಡ, ಕಣ್ಣು ತಪ್ಪಿಸಿ ಉಪ್ಪಿನ ಡಬ್ಬಿಯನ್ನು ಎತ್ತಿ ನಿಲ್ಲಿಸತೊಡಗಿದ. ಅದಕ್ಕೆ ಕಾರಣವಿತ್ತು.

ಹೆಸರಿನಲ್ಲಿ ಇರುವುದನ್ನು ಬಿಟ್ಟರೆ ಗುರುಶಾಂತಪ್ಪನಿಗೂ ಶಾಂತಿಗೂ ಯಾವ ಸಂಬಂಧವೂ ಇಲ್ಲ. ದಾವಣಗೆರೆಯಿಂದ ಸಿಡ್ನಿಗೆ ಬಂದು, ಚಾಟ್ಸ್‌ವುಡ್‌ನ ಆಫೀಸೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಮನೆಯ ಮಾರ್ಟ್‌ಗೇಜ್ ಕಟ್ಟುತ್ತಿರುವ ಈ ಮಹಾನುಭಾವನಿಗೆ ಎರಡು ಹುಚ್ಚು. ಒಂದು ಕಲೆ, ಇನ್ನೊಂದು ಪುಕ್ಕಟೆ. ಎರಡೂ ಒಂದೇ ಕಡೆ ಸಿಕ್ಕಿದರೆ ಅವತ್ತು ಅವನಿಗೆ ಊಟವೂ ಬೇಡ. ಯಾವ ಮ್ಯೂಸಿಯಮ್ಮಿಗೆ ಯಾವ ದಿನ ಟಿಕೆಟ್ ಇಲ್ಲ, ಯಾವ ಚರ್ಚಿನಲ್ಲಿ ಮಧ್ಯಾಹ್ನದ ಹೊತ್ತು ಸುಮ್ಮನೆ ಆರ್ಗನ್ ನುಡಿಸುತ್ತಾರೆ, ಸಂಗೀತ ಕಾಲೇಜಿನ ಮಕ್ಕಳು ಪರೀಕ್ಷೆಗೆ ಮುಂಚೆ ಸಭಾಕಂಪನ ಕಳೆದುಕೊಳ್ಳಲು ಎಲ್ಲಿ ಹಾಡುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಒಪೆರಾ ಹೌಸಿನ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಮುಕ್ಕುತ್ತ, "ಒಳಗೆ ಕುಂತೋರಿಗೆ ಈ ಹಡಗು, ಈ ಸೇತುವೆ ಎಲ್ಲಾ ಕಾಣುತ್ತೇನು? ನಾವೇ ಪುಣ್ಯವಂತರು" ಎಂದು ಹೆಂಡತಿಗೆ ಉಪದೇಶ ಮಾಡುವುದು ಅವನ ಪದ್ಧತಿ. ಆ ಮೆಟ್ಟಿಲುಗಳ ಮೇಲೆ ಕೂತು ಕೂತು ಮಹಾಶ್ವೇತಾಳ ಎರಡು ಒಳ್ಳೆಯ ಚೂಡಿದಾರ್ ಸವೆದಿವೆ.

ಹಾಗಂತ ಅವನನ್ನು ಜಿಪುಣ ಅಂದರೆ ಕೆಂಡಾಮಂಡಲ ಆಗುತ್ತಾನೆ. "ನಾನು ಜಿಪುಣ ಅಲ್ಲ, ನ್ಯಾಯವಂತ! ಟಿಕೆಟ್ಟಿಗೆ ದುಡ್ಡು ಕೊಡಾಣ. ಅದರ ಮೇಲೆ ಬುಕಿಂಗ್ ಫೀ ಯಾಕೆ? ಬುಕ್ ಮಾಡಿದೋನು ನಾನು! ಅವ್ರೇ ನಂಗೆ ಫೀ ಕೊಡ್ಬೇಕು!" ಈ ವಾದವನ್ನು ಅವನು ಫೋನಿನಲ್ಲಿ ಎಷ್ಟೋ ಜನ ಹುಡುಗಿಯರ ಎದುರು ಮಂಡಿಸಿದ್ದಾನೆ. ಅವರು ನಗುನಗುತ್ತಾ "ಹ್ಯಾವ್ ಎ ಲವ್ಲೀ ಡೇ" ಎಂದು ಫೋನ್ ಇಟ್ಟಿದ್ದಾರೆ. ಅದರಿಂದ ಅವನ ಸಿಟ್ಟು ಇನ್ನೂ ಏರಿದೆ.

ಆದರೆ ಅವನ ಹುಟ್ಟಾ ವೈರಿ ಬುಕಿಂಗ್ ಫೀ ಅಲ್ಲ. ಪಾರ್ಕಿಂಗ್.

"ಕಾರು ಓಡಿದ್ರೆ ಪೆಟ್ರೋಲಿಗೆ ಕೊಡಾಣಪ್ಪ. ಸುಮ್ನೆ ನಿಂತಿದ್ದಕ್ಕೂ ಕೊಡ್ಬೇಕಾ? ಹಗಲು ದರೋಡೆ!"

ಆದ್ದರಿಂದ ಯಾವ ನಾಟಕಕ್ಕೆ ಹೋಗಲಿ, ಯಾವ ಕಛೇರಿಗೆ ಹೋಗಲಿ, ಅವನು ಕಾರು ನಿಲ್ಲಿಸುವುದು ಎರಡು ಗಂಟೆ ಪುಕ್ಕಟೆ ಎಂದು ಬೋರ್ಡಿರುವ ಯಾವುದೋ ದೂರದ ಬೀದಿಯಲ್ಲಿ. ಎರಡು ಗಂಟೆ ಮುಗಿಯುವ ಮುಂಚೆ ಕಾರನ್ನು ಇನ್ನೊಂದು ಬೀದಿಗೆ ಸಾಗಿಸಬೇಕಲ್ಲ! ನಾಯಕ ನಾಯಕಿಯ ಕೈ ಹಿಡಿಯುತ್ತಿದ್ದಂತೆ ಗುರುಶಾಂತಪ್ಪನ ಜೇಬಿನಲ್ಲಿ ಫೋನು ಗುರ್ ಎನ್ನುತ್ತದೆ. ಅವನು ಸಾಲಿನವರ ಕಾಲು ತುಳಿಯುತ್ತಾ ಹೊರಗೆ ಓಡುತ್ತಾನೆ. ವಾಪಸು ಬರುವಾಗ ಜನ ಎದ್ದು ಕೋಟು ಹಾಕಿಕೊಳ್ಳುತ್ತಿರುತ್ತಾರೆ. ಒಂದು ನಾಟಕದಲ್ಲಿ ಕೊಲೆ ಆದದ್ದನ್ನು ಕಣ್ಣಾರೆ ನೋಡಿದ್ದಾನೆ. ಕೊಂದವನು ಯಾರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದ. ಅವಳು ಹೇಳಲಿಲ್ಲ. "ಕೂತಿದ್ರೆ ಗೊತ್ತಾಗ್ತಿತ್ತು" ಅಂದಳು.

ಇದನ್ನೆಲ್ಲ ಮಹಾಶ್ವೇತಾ ಸಹಿಸಿದ್ದಳು. ಸಹಿಸದೇ ಹೋದದ್ದು ಹೋದ ವರ್ಷದ ಘಟನೆ. ಮೈಸೂರಿನಲ್ಲಿ ಚಿಕ್ಕಂದಿನಿಂದ ಸಂಗೀತ ಕಲಿತ ಹುಡುಗಿ ಅವಳು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ಸಂಗೀತ ಕುಕ್ಕರಿನ ಕೂಗಿನ ಜೊತೆ ಅಡಿಗೆಮನೆಯಲ್ಲೇ ಉಳಿದಿತ್ತು. ಕೊನೆಗೆ ಒಂದು ದಿನ ಹಟ ಮಾಡಿ ತಮ್ಮ ಸಬರ್ಬಿನ ಕಾಯಿರ್ ಸೇರಿದಳು. ಲೆಬನಾನಿನವರು, ಫಿಲಿಪೀನ್ಸಿನವರು, ಒಬ್ಬ ತಮಿಳು ಡೆಂಟಿಸ್ಟು, ಹಲ್ಲುಸೆಟ್ಟು ಕಟ್ಟಿಸಿಕೊಂಡ ಇಬ್ಬರು ಬಿಳಿಯ ಅಜ್ಜಿಯರು, ಎಲ್ಲರೂ ಸೇರಿ ಹಾಡುವ ಗುಂಪು ಅದು. ಅವರ ಮೊದಲ ಕಾರ್ಯಕ್ರಮದಲ್ಲಿ ಮಹಾಶ್ವೇತಾ ನಡುಗುತ್ತಾ ಮುಂದೆ ಬಂದು ಹಾಡಿದಾಗ ಗುರುಶಾಂತಪ್ಪ ಎಲ್ಲಿದ್ದ? ಕಾರು ಸಾಗಿಸುತ್ತಿದ್ದ! ಓಡೋಡಿ ಬಂದಾಗ ವೇದಿಕೆಯ ಮೇಲೆ ಯಾರೋ ಏನೋ ಕೂಗುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ತನ್ನ ಹೆಂಡತಿಗೇ ಎಂದುಕೊಂಡು ಇವನು ಬಾಗಿಲಲ್ಲೇ ನಿಂತು, ಎರಡೂ ಕೈ ಮೇಲೆತ್ತಿ, "ವನ್ಸ್ ಮೋರ್! ವನ್ಸ್ ಮೋರ್!" ಎಂದು ಅರಚಿದ. ಕೂಗಿದ್ದು ಮಾಂಸದ ತಟ್ಟೆಯನ್ನು ಬಹುಮಾನ ಕೊಡುವ ಲಾಟರಿಯ ನಂಬರು. ಹುಟ್ಟಾ ಸಸ್ಯಾಹಾರಿ ಗುರುಶಾಂತಪ್ಪ ಅವತ್ತು ವನ್ಸ್ ಮೋರ್ ಅಂದದ್ದು ಎರಡು ಕಿಲೋ ಹಂದಿಯ ಸಾಸೇಜಿಗೆ.

ಮಹಾಶ್ವೇತಾ ಅವತ್ತು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಗುರುಶಾಂತಪ್ಪನಿಗೆ ಈಗಲೂ ಅನ್ನಿಸುತ್ತದೆ.

ಈಗ ಅದೇ ಕಾಯಿರಿಗೆ ಮೆಲ್ಬರ್ನಿನಿಂದ ಕರೆ ಬಂದಿತ್ತು. ದೊಡ್ಡ ಹಳೆಯ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ಕಾರ್ಯಕ್ರಮ, ಪ್ರವೇಶ ಎಲ್ಲರಿಗೂ ಉಚಿತ, ಮೊದಲು ಬಂದವರಿಗೆ ಸೀಟು. ಆರಂಭದ ಹಾಡೇ ಮಹಾಶ್ವೇತಾಳದ್ದು. ಅವಳ ಅಜ್ಜಿ ಹಾಡುತ್ತಿದ್ದ ಕನ್ನಡದ ಜೋಗುಳ. ಅವಳೊಬ್ಬಳೇ ಹಾಡುವುದು, ಹಿಂದೆ ಉಳಿದವರು ಶ್ರುತಿ ಹಿಡಿಯುವುದು.

"ನೋಡಿ," ಎಂದಳು ಲಟ್ಟಣಿಗೆಯನ್ನು ಅವನತ್ತ ತೋರಿಸುತ್ತಾ. "ನಂಗೆ ಹೂವು ಬೇಡ, ಗಿಫ್ಟ್ ಬೇಡ. ಎದುರಿಗೆ ಒಂದು ಗೊತ್ತಿರೋ ಮುಖ ಬೇಕು. ಹೋದ ಸಲ ಯಾರೂ ಇಲ್ದೆ ಸ್ವರ ಹೇಗೆ ನಡುಗ್ತು ಅಂತ ನಿಮಗೆ ಗೊತ್ತಿಲ್ಲ. ಹೇಗೆ ಗೊತ್ತಿರತ್ತೆ? ನೀವಿರ್ಲಿಲ್ವಲ್ಲ! ಸ್ವಲ್ಪ ಡೊನೇಷನ್ ಕೊಟ್ರೆ ಮುಂದಿನ ಸಾಲಲ್ಲಿ ಸೀಟ್ ರಿಸರ್ವ್ ಮಾಡ್ತಾರಂತೆ. ಮಾಡಿಬಿಡಿ ರೀ."

"ಉಚಿತ ಅಂತ ಬೋರ್ಡ್ ಹಾಕಿ ಡೊನೇಷನ್ನಾ?" ಗುರುಶಾಂತಪ್ಪನ ಕಿವಿ ಕೆಂಪಗಾಯಿತು. "ಶ್ವೇತಾ, ನೀನು ಯಾರನ್ನ ಮದ್ವೆ ಆಗಿದ್ದೀ ಅಂತ ಮರ್ತಂಗೈತಿ. ದಾವಣಗೆರೆ ಬಸ್‌ಸ್ಟ್ಯಾಂಡ್‌ನಾಗೆ ಬಸ್ಸು ನಿಲ್ಲೋಕೆ ಮುಂಚೆ ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟ್ ಹಿಡಿದೋನು ನಾನು! ನನ್ನ ಕರ್ಚೀಫ್ ಬಿದ್ದ ಸೀಟನ್ನ ಕಂಡಕ್ಟರೂ ಮುಟ್ತಿರ್ಲಿಲ್ಲ! ನಂಗೆ ರಿಸರ್ವೇಷನ್ನಾ?"

ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ಆವೇಶದಲ್ಲಿ ಅವನು ಮೆಲ್ಬರ್ನ್ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಬರೆದುಬಿಟ್ಟ: "ಶನಿವಾರ ಯಾರ್ಯಾರಿಗೆ ಮೊದಲನೇ ಸಾಲು ಬೇಕು? ನಾನಿದ್ದೇನೆ!" ಹೆಬ್ಬೆರಳುಗಳ ಮಳೆ ಸುರಿಯಿತು.

ಸಿಡ್ನಿಯಿಂದ ಮೆಲ್ಬರ್ನಿಗೆ ಕಾಯಿರಿನವರು ವಿಮಾನದಲ್ಲಿ ಹೋದರು. ಗಂಡ ಹೆಂಡತಿ ಕಾರಿನಲ್ಲಿ ಹೊರಟರು. ವಿಮಾನದವರು ಪೆಟ್ಟಿಗೆಗೆ ಬೇರೆ ಹಣ ಕೇಳುತ್ತಾರೆಂದು ಗುರುಶಾಂತಪ್ಪನಿಗೆ ಅವರ ಮೇಲೂ ಕೋಪವಿತ್ತು. ದಾರಿಯುದ್ದಕ್ಕೂ ಮಹಾಶ್ವೇತಾ ಜೋಗುಳ ಗುನುಗಿಕೊಂಡಳು. ಅವನು ಅದರ ಮೇಲೆಯೇ ಪೆಟ್ರೋಲ್ ಬಂಕಿನ ಬೆಲೆಗಳನ್ನು ಗಟ್ಟಿಯಾಗಿ ಓದುತ್ತಾ, ಒಂದೊಂದಕ್ಕೂ ಒಂದೊಂದು ಶಾಪ ಹಾಕುತ್ತಾ ಬಂದ. ಅವಳು ಗುನುಗುವುದನ್ನು ನಿಲ್ಲಿಸಿದ್ದು ಅವನ ಗಮನಕ್ಕೆ ಬರಲಿಲ್ಲ.

ಉಳಿದುಕೊಂಡದ್ದು ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ, ಕಜೆತಾನನ ಮನೆಯಲ್ಲಿ. ಮಂಗಳೂರಿನ ಈ ಕಜೆತಾನ್ ಮೊದಲು ಚಾಟ್ಸ್‌ವುಡ್‌ನಲ್ಲಿ ಗುರುಶಾಂತಪ್ಪನ ಪಕ್ಕದ ಕುರ್ಚಿಯವನು, ಬಲು ತಾಳ್ಮೆಯ ಮನುಷ್ಯ. ತಾಳ್ಮೆಯನ್ನೆಲ್ಲ ಅವನೇ ತೆಗೆದುಕೊಂಡದ್ದರಿಂದಲೋ ಏನೋ, ಅವನ ಹೆಂಡತಿ ಕ್ಲೌಡಿಯಾ ಮಾತ್ರ ಪಟಾಕಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಶನಿವಾರ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಹಾಲ್‌ಗೇ ಬರುವವಳಿದ್ದಳು.

"ಟ್ರೇನಲ್ಲಿ ಹೋಗುವ ಮಾರಾಯ," ಎಂದ ಕಜೆತಾನ್. "ಸಿಟಿಯಲ್ಲಿ ಕಾರು ಇಡ್ಲಿಕ್ಕೆ ಜಾಗ ಎಲ್ಲುಂಟು?"

"ಕಾರು ಇದ್ದೂ ಟ್ರೇನಿಗೆ ದುಡ್ಡು ಕೊಡಾಕೆ ನಂಗೇನು ತಲೆ ಕೆಟ್ಟೈತೇನು? ಹಾಲ್ ಹಿಂದಿನ ಬೀದಿಯಾಗೆ ಎರಡು ಗಂಟೆ ಫ್ರೀ ಐತಿ. ಕಂಪ್ಯೂಟರ್‌ನಾಗೆ ಬೀದಿಬೀದಿ ನೋಡಿ ಇಟ್ಕಂಡೀನಿ."

ಆ ಮಾತು ಕೇಳಿ ಮಹಾಶ್ವೇತಾಳ ಮುಖ ಬಿಗಿಯಾಯಿತು. "ರೀ, ಮತ್ತೆ ಎರಡು ಗಂಟೆನಾ?"

"ಅಯ್ಯೋ, ಲೆಕ್ಕ ಹಾಕೀನಿ ಕಣೆ! ಬೇಗ ಹೋಗಿ ಸೀಟ್ ಹಿಡೀತೀನಿ. ನಿನ್ನ ಹಾಡಿಗೆ ಮುಂಚೆನೇ ಕಾರು ಬೇರೆ ಕಡೆ ಹಾಕ್ತೀನಿ. ಆಮ್ಯಾಕೆ ಇಂಟರ್ವಲ್‌ವರೆಗೂ ನಾನು ಕಲ್ಲಿನ ಕಂಬ!"

ಬೆಳಿಗ್ಗೆ ಅಭ್ಯಾಸಕ್ಕೆಂದು ಮೊದಲೇ ಹೊರಟ ಮಹಾಶ್ವೇತಾ, ಹೋಗುವ ಮುಂಚೆ ಅವನ ನೀಲಿ ಚೌಕುಳಿಯ ಕರ್ಚೀಫಿಗೆ ಇಸ್ತ್ರಿ ಹಾಕಿ, ನಾಲ್ಕು ಮಡಿಕೆ ಮಾಡಿ ಕೈಗೆ ಕೊಟ್ಟಳು. "ತಗೊಳಿ. ಇದರಲ್ಲಿ ಸೀಟೇ ಹಿಡೀತೀರೋ ಬೆವರೇ ಒರೆಸ್ಕೋತೀರೋ, ನಿಮ್ಮಿಷ್ಟ. ಹಾಡ್ತಾ ನಾನು ಕಣ್ಣು ಬಿಟ್ಟಾಗ ಎದುರಿಗೆ ಇದ್ದುಬಿಡಿ, ಸಾಕು." ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಆದರೆ ಆ ಹೊತ್ತಿಗೆ ಗುರುಶಾಂತಪ್ಪನಿಗೆ ಬೇರೊಂದು ಚಿಂತೆ ಹತ್ತಿಕೊಂಡಿತ್ತು. ಒಂದು ಕರ್ಚೀಫು, ಒಂದಿಡೀ ಸಾಲು!

ಕ್ಲೌಡಿಯಾಳ ಬಟ್ಟೆಯ ಬೀರು ತೆರೆದೇ ಇತ್ತು. ಅವನು ಕೈಗೆ ಸಿಕ್ಕ ಟವೆಲ್ಲು, ದಿಂಬಿನ ಚೀಲ, ಕೈವಸ್ತ್ರ, ಮೇಜಿನ ಮೇಲೆ ಹಾಸುವ ಬಿಳಿಯ ಲೇಸಿನ ಬಟ್ಟೆ, ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿದ. ಸಾಲದಿದ್ದರೆ ಇರಲಿ ಎಂದು ಒಂದು ಛತ್ರಿ, ಮಂಡಕ್ಕಿಯ ಪೊಟ್ಟಣವನ್ನೂ ಸೇರಿಸಿಕೊಂಡ.

"ಎಂತ ಇದು, ಧೋಬಿ ಅಂಗಡಿ ಇಡ್ತೀಯಾ?" ಎಂದ ಕಜೆತಾನ್.

"ನೋಡ್ತಾ ಇರು!"

ಹಾಲ್‌ನ ಬಾಗಿಲು ತೆರೆದಾಗ ಒಳಗೆ ನುಗ್ಗಿದವರಲ್ಲಿ ಗುರುಶಾಂತಪ್ಪನೇ ಮೊದಲಿಗ. ಕೆಂಪು ಮಕಮಲ್ಲಿನ ಕುರ್ಚಿಗಳು, ಚಿನ್ನದ ಬಣ್ಣದ ಕಂಬಗಳು, ಮೇಲೆ ಬೃಹತ್ತಾದ ದೀಪದ ಗೊಂಚಲು. ಒಳಗಿಂದ ಇಂಥದ್ದೊಂದನ್ನು ಅವನು ನೋಡಿದ್ದೇ ಅಪರೂಪ. ನೋಡಲು ಪುರುಸೊತ್ತೆಲ್ಲಿ? ಮೊದಲನೇ ಸಾಲಿನ ನಟ್ಟನಡುವೆ ನೀಲಿ ಚೌಕುಳಿಯ ಕರ್ಚೀಫನ್ನು ಹಾಸಿದ. ಅದರ ಎಡಕ್ಕೂ ಬಲಕ್ಕೂ ಟವೆಲ್ಲು, ದಿಂಬಿನ ಚೀಲ, ಲೇಸು, ಛತ್ರಿ, ಕೊನೆಯ ಕುರ್ಚಿಯ ಮೇಲೆ ಮಂಡಕ್ಕಿ. ಎರಡು ಹೆಜ್ಜೆ ಹಿಂದೆ ಸರಿದು ತನ್ನ ಸಾಮ್ರಾಜ್ಯವನ್ನು ಕಣ್ತುಂಬ ನೋಡಿದ. ಜೇಬಿನಲ್ಲಿ ಫೋನು ಗುರ್ ಎಂದಿತು. ಕಾರು!

"ನೀನಾದ್ರೂ ಇಲ್ಲಿ ಕೂತ್ಕೊ ಮಾರಾಯ," ಎಂದ ಕಜೆತಾನ್. "ನಾನು ಹೊರಗೆ ಕ್ಲೌಡಿಯಾಳನ್ನು ಕಾಯ್ಬೇಕು. ಇಲ್ಲಿ ಯಾರೂ ಇಲ್ಲದಿದ್ರೆ ತೆಗೀತಾರೆ."

"ಕರ್ಚೀಫ್ ಹಾಕಿದ ಮ್ಯಾಲೆ ಯಾರು ಮುಟ್ತಾರೆ? ಗಂಡಸಿದ್ರೆ ಮುಟ್ಲಿ!"

ಆಮೇಲೆ ಗುರುಶಾಂತಪ್ಪ ಅನುಭವಿಸಿದ್ದನ್ನು ಮೆಲ್ಬರ್ನಿನ ಬೀದಿಗಳಲ್ಲಿ ಕಾರು ಓಡಿಸಿದ ಸಿಡ್ನಿಯವನೇ ಬಲ್ಲ. ಅವನು ನೋಡಿಟ್ಟುಕೊಂಡಿದ್ದ ಇನ್ನೊಂದು ಬೀದಿಯಲ್ಲಿ ಅವತ್ತು ಸಂತೆ. ಮೂರನೆಯ ಬೀದಿಯನ್ನು ಅಗೆದು ಹಾಕಿದ್ದರು. ನಾಲ್ಕನೆಯದಕ್ಕೆ ಹೋಗಲು ಬಲಕ್ಕೆ ತಿರುಗಬೇಕಿತ್ತು. ತಿರುಗಲು ಹೋದರೆ ಎದುರಿಗೊಂದು ಬೋರ್ಡು: ಬಲಕ್ಕೆ ತಿರುಗುವವರು ಎಡಕ್ಕೆ ಬಂದು ನಿಲ್ಲತಕ್ಕದ್ದು! "ಬಲಕ್ಕೆ ಹೋಗಾಕೆ ಎಡಕ್ಕೆ ನಿಲ್ಬೇಕಾ? ಯಾವ ಬುದ್ಧಿಗೇಡಿ ಮಾಡಿದ್ದು ಇದನ್ನ!" ಎಂದು ಅವನು ನಡುರಸ್ತೆಯಲ್ಲೇ ಕೂಗಾಡುತ್ತಿದ್ದಾಗ ಹಿಂದಿನಿಂದ ಟ್ರಾಮು ಠಣ್ ಠಣ್ ಎಂದು ಗಂಟೆ ಬಡಿಯಿತು. ಟ್ರಾಮಿನ ಒಳಗಿದ್ದವರೆಲ್ಲ ಕಿಟಕಿಗೆ ಮೂಗು ಒತ್ತಿ ಅವನನ್ನೇ ನೋಡಿದರು. ಪಾಪ, ಪುಕ್ಕಟೆ ಮನರಂಜನೆ ಅವರಿಗೂ ಬೇಕಲ್ಲ.

ಕೊನೆಗೆ ಜಾಗ ಸಿಕ್ಕಿತು. ಹಾಲ್ ಒಂದು ತಾಲ್ಲೂಕಿನಲ್ಲಿದ್ದರೆ ಕಾರು ಇನ್ನೊಂದು ತಾಲ್ಲೂಕಿನಲ್ಲಿ ನಿಂತಿತ್ತು. ಗುರುಶಾಂತಪ್ಪ ಪಂಚೆ ಎತ್ತಿಕಟ್ಟಿದವನ ಹಾಗೆ ಪ್ಯಾಂಟು ಏರಿಸಿಕೊಂಡು ಓಡಿದ. ಹಾಲ್‌ನ ಬಾಗಿಲಿಗೆ ಬಂದಾಗ ಇನ್ನೂ ಹೊತ್ತಿತ್ತು. ನೇರವಾಗಿ ಒಳಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ನರ್ಸಿನ ಯೂನಿಫಾರಮ್ಮಿನಲ್ಲೇ ಕ್ಲೌಡಿಯಾ ನಿಂತಿದ್ದಳು.

"ನನ್ನ ಬೀರಿಗೆ ಕೈ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಸೀಟು... ನಿಮಗೇ ಸೀಟು ಹಿಡಿಯಾಕೆ..."

"ಎಂತ ಸೀಟು? ಹಾಲ್‌ನ ಹೆಂಗಸು ಎಲ್ಲಾ ಗುಡ್ಡೆ ಮಾಡಿ ಕೌಂಟರಿಗೆ ತಕೊಂಡು ಹೋದಳು! ಮೇಲೆ ಎಂತ ಇತ್ತು ಗೊತ್ತುಂಟಾ? ನನ್ನ ಅಮ್ಮ ನನ್ನ ಮದುವೆಗೆ ಕೈಯಲ್ಲಿ ಹೆಣೆದ ಲೇಸು! ಅಮ್ಮ ಈಗ ಇಲ್ಲ! ಅದನ್ನು ತಕೊಂಡು ಬಂದು ಕಂಡವರು ಕೂರುವ ಕುರ್ಚಿಗೆ ಹಾಕಿದ್ರಲ್ಲ, ಬುದ್ಧಿ ಉಂಟಾ ನಿಮಗೆ? ಅದು ಸಿಗದೆ ನನ್ನ ಎದುರು ಬರ್ಬೇಡಿ!"

ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ಗುರುಶಾಂತಪ್ಪನಿಗೆ ತನ್ನ ಮೇಲೆ ಬರಬೇಕಾಗಿದ್ದ ಸಿಟ್ಟು, ಎಂದಿನ ರೂಢಿಯಂತೆ, ಬೇರೆಯವರ ಮೇಲೆ ಬಂತು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಅವನ ಮಾತು ನಂಬಿ ಬಂದಿದ್ದ ಮೆಲ್ಬರ್ನ್ ಕನ್ನಡಿಗರ ಬಳಗವೂ ಎದುರಾಯಿತು. "ಎಲ್ಲಿ ಸ್ವಾಮಿ ಮೊದಲನೇ ಸಾಲು?" ಎಂದು ಒಬ್ಬರು ಕೇಳಿದರು. "ನಮ್ಮನ್ನ ಬಾಲ್ಕನಿಗೆ ಹತ್ತಿ ಅಂತಿದ್ದಾರೆ. ನಮ್ಮತ್ತೆಗೆ ಮಂಡಿನೋವು!" ಎಂದು ಇನ್ನೊಬ್ಬರು. ಸಾಲಿಗೆ ಸಾಲೇ ಹೋಯಿತೆಂದು ಗುರುಶಾಂತಪ್ಪನಿಗೆ ಖಾತ್ರಿಯಾಯಿತು. ಒಳಗೆ ಇಣುಕಿ ಸಹ ನೋಡದೆ, ಬುಸುಗುಡುತ್ತಾ ಸಾಮಾನು ಇಡುವ ಕೌಂಟರಿನತ್ತ ನುಗ್ಗಿದ.

ಅಲ್ಲಿ ನೇರಳೆ ಬಣ್ಣದ ಕೋಟು ತೊಟ್ಟ ಬಿಳಿಯ ಹೆಂಗಸೊಬ್ಬಳು ನಗುತ್ತಾ ನಿಂತಿದ್ದಳು. ಅವಳ ಮುಂದೆ ಕೋಟು, ಛತ್ರಿ ಇಡಲು ಬಂದವರ ಉದ್ದ ಸಾಲು. ಸಾಲು ತಪ್ಪಿಸಿ ಮುಂದೆ ಹೋಗಲು ನೋಡಿದ. "ಹಿಂದೆ ಹೋಗಿ ನಿಂತ್ಕೊಳ್ಳಿ ಡಾರ್ಲಿಂಗ್" ಎಂದು ಆಕೆ ಇಂಗ್ಲಿಷಿನಲ್ಲಿ ಎಷ್ಟು ಸಿಹಿಯಾಗಿ ಹೇಳಿದಳೆಂದರೆ ಬೈಯಲು ಬಾಯಿ ಬರಲಿಲ್ಲ. ಕಾದ. ಹಲ್ಲು ಕಡಿಯುತ್ತಾ ಕಾದ. ಅವನ ಸರದಿ ಬಂದಾಗ ಆಕೆ ಒಂದೊಂದೇ ವಸ್ತುವನ್ನು ಎತ್ತಿ ಹಿಡಿದು ವಿಚಾರಣೆ ಶುರುಮಾಡಿದಳು. ಈ ಟವೆಲ್ ನಿಮ್ಮದೇ? ಹೌದು. ಈ ದಿಂಬಿನ ಚೀಲ? ಹೌದು! ನೀವು ಇಲ್ಲೇ ಮಲಗುವವರಿದ್ದಿರಾ? ಇಲ್ಲ!! ಕೊನೆಗೆ ಮಂಡಕ್ಕಿಯ ಪೊಟ್ಟಣವನ್ನು ಅಲ್ಲಾಡಿಸಿ ನೋಡಿ, "ಇದು ಸಾಮಾನು ಒಡೆಯದಂತೆ ಪಾರ್ಸೆಲ್ಲಿನಲ್ಲಿ ತುಂಬುವುದಲ್ಲವೇ?" ಎಂದಳು.

"ಇಟ್ ಈಸ್ ಫುಡ್!" ಗುರುಶಾಂತಪ್ಪ ಕೌಂಟರು ಗುದ್ದಿದ. "ಮೇಡಂ, ಇನ್ ಮೈ ಟೌನ್, ಇಫ್ ಐ ಪುಟ್ ಕರ್ಚೀಫ್, ನೋ ವನ್ ಟಚಸ್ ದಟ್ ಸೀಟ್! ನೋ ವನ್!"

ದಾವಣಗೆರೆಯಲ್ಲಿ ಅಷ್ಟು ಘನವಾಗಿ ಕೇಳಿಸುತ್ತಿದ್ದ ಮಾತು ಇಂಗ್ಲಿಷಿನಲ್ಲಿ ಯಾಕೋ ಸೊರಗಿಹೋಯಿತು. ಹೆಂಗಸು "ಹೌ ಲವ್ಲೀ!" ಎಂದಳು. ಅದೇ ಹೊತ್ತಿಗೆ ಎಲ್ಲೋ ಗಂಟೆ ಬಾರಿಸಿತು. ಗುರುಶಾಂತಪ್ಪ ಚೀಲ ಕಿತ್ತುಕೊಂಡು, ಲೇಸು ಸುಕ್ಕಾಗಬಾರದೆಂದು ಅದನ್ನು ಕೊರಳಿಗೆ ಹಾಕಿಕೊಂಡು ಓಡಿದ. ಅವನ ಮೂಗಿನ ಮುಂದೆಯೇ ಹಾಲ್‌ನ ದೊಡ್ಡ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

"ಸಾರಿ ಸರ್," ಎಂದ ಬಾಗಿಲ ಬಳಿಯ ಯುವಕ. "ರೇಡಿಯೋದವರು ರೆಕಾರ್ಡ್ ಮಾಡುತ್ತಿದ್ದಾರೆ. ಇನ್ನು ಇಂಟರ್ವಲ್ಲಿಗೇ ತೆರೆಯುವುದು."

"ಮೈ ವೈಫ್ ಈಸ್ ಸಿಂಗಿಂಗ್!"

"ಅಭಿನಂದನೆಗಳು ಸರ್!"

"ಓಪನ್ ದ ಡೋರ್!"

"ಅಲ್ಲಿ ಟೀವಿ ಇದೆ ಸರ್, ನೋಡಬಹುದು. ಉಚಿತ."

ಉಚಿತ! ಜನ್ಮದಲ್ಲಿ ಮೊದಲ ಸಲ ಆ ಪದ ಕೇಳಿ ಗುರುಶಾಂತಪ್ಪನ ಮೈ ಉರಿಯಿತು. ಕಾಫಿ ಮಾರುವ ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ಟೀವಿ ಇತ್ತು. ಅದರಲ್ಲಿ ವೇದಿಕೆ ಕಾಣುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಕರಿಯ ಸೀರೆ, ಕೆಂಪಂಚು, ಮುಡಿಯಲ್ಲಿ ಕ್ಲೌಡಿಯಾಳ ಹಿತ್ತಲಿನ ಬಿಳಿ ಗುಲಾಬಿ. ಮಹಾಶ್ವೇತಾ ಗುಂಪಿನಿಂದ ಮುಂದೆ ಬಂದು ನಿಂತಳು. ಮೊದಲನೇ ಸಾಲಿನತ್ತ ನೋಡಿದಳು. ಒಂದು ಗಳಿಗೆ ಹಾಗೇ ನೋಡುತ್ತಾ ನಿಂತುಬಿಟ್ಟಳು. "ಹಾಡೇ, ಹಾಡು" ಎಂದು ಗುರುಶಾಂತಪ್ಪ ಟೀವಿಗೆ ಹೇಳಿದ. ಅವಳು ಕಣ್ಣು ಮುಚ್ಚಿದಳು. ತುಟಿ ತೆರೆದಳು.

ಬಾಗಿಲಿಗೆ ಕಿವಿ ಹಚ್ಚಿದರೆ ಕೇಳಿಸಬಹುದೆಂದು ಓಡಿ ಹೋಗಿ ಕಿವಿ ಹಚ್ಚಿದ. ಹೌದು, ಎಳೆಯಾಗಿ ಏನೋ ಬರುತ್ತಿತ್ತು! ಉಸಿರು ಬಿಗಿಹಿಡಿದ. ಆಗ ಹಿಂದೆ ಕಾಫಿಯವನು ಹಾಲು ಕಾಯಿಸಲು ಯಂತ್ರದ ಹಬೆ ಬಿಟ್ಟ. ಬುಸ್ಸ್ಸ್! "ಏಯ್, ನಿಲ್ಸೋ ಅದನ್ನ!" ಎಂದು ಗುರುಶಾಂತಪ್ಪ ಅಚ್ಚ ಕನ್ನಡದಲ್ಲಿ ಗರ್ಜಿಸಿದ. ಕಾಫಿಯವನು ಹೆದರಿ ಇನ್ನೊಂದು ಯಂತ್ರವನ್ನೂ ಒತ್ತಿದ. ಅದು ಬೀಜ ಪುಡಿಮಾಡುವ ಯಂತ್ರ. ಎರಡೂ ನಿಂತಾಗ ಒಳಗಿನಿಂದ ಕೇಳಿ ಬಂದದ್ದು ಚಪ್ಪಾಳೆ. ಉದ್ದನೆಯ, ಮುಗಿಯದ ಚಪ್ಪಾಳೆ.

ಕೊರಳಲ್ಲಿ ಲೇಸು, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಮಂಡಕ್ಕಿ ಹಿಡಿದುಕೊಂಡು ಗುರುಶಾಂತಪ್ಪ ನೆಲದ ಮೇಲೆ ಕುಕ್ಕರಿಸಿದ. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದ. ಯಾರೂ ಸಿಗಲಿಲ್ಲ. ಮೆಲ್ಬರ್ನಿಗೆ ಬರುವ ಹ್ಯೂಮ್ ಹೆದ್ದಾರಿಯಲ್ಲಿ ಅವಳು ಅದೇ ಜೋಗುಳವನ್ನು ತನ್ನ ಪಕ್ಕದಲ್ಲೇ, ಟಿಕೆಟ್ಟಿಲ್ಲದೆ, ಪಾರ್ಕಿಂಗ್ ಇಲ್ಲದೆ ಗುನುಗಿದ್ದಳು ಎಂಬುದು ಆಗ ನೆನಪಿಗೆ ಬಂತು. ಅವನಿಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಆದರೂ ಗಂಡಸಿನ ಬುದ್ಧಿ ಎಲ್ಲಿ ಹೋಗುತ್ತದೆ? ಇಂಟರ್ವಲ್ಲಿಗೆ ಬಾಗಿಲು ತೆರೆದು ಮಹಾಶ್ವೇತಾ ಜನರ ನಡುವಿನಿಂದ ತನ್ನತ್ತ ಬರುವುದನ್ನು ಕಂಡದ್ದೇ ತಡ, ಚೀಲವನ್ನು ಕಂಬದ ಹಿಂದೆ ತಳ್ಳಿ, ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ.

"ಅದ್ಭುತ ಕಣೇ! ಅದ್ಭುತ! ಮೈ ಜುಂ ಅಂತು!"

"ಹೌದಾ? ಎಲ್ಲಿ ಕೂತಿದ್ರಿ?"

"ಎಲ್ಲಿ ಅಂದ್ರೆ? ಹೇಳಿರ್ಲಿಲ್ವಾ? ಮೊದಲನೇ ಸಾಲು, ನಟ್ಟನಡುವೆ!"

ಮಹಾಶ್ವೇತಾ ಸೆರಗಿನ ಮರೆಯಿಂದ ಕೈ ಹೊರಗೆ ತೆಗೆದಳು. ಕೈಯಲ್ಲಿ ನೀಲಿ ಚೌಕುಳಿಯ ಕರ್ಚೀಫು. ಇಸ್ತ್ರಿ ಕೂಡ ಕೆಟ್ಟಿರಲಿಲ್ಲ.

"ಅಲ್ಲಿ ಇದು ಕೂತಿತ್ತು."

ಗುರುಶಾಂತಪ್ಪನ ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಅವರು ಎಲ್ಲಾ ಬಾಚ್ಕೊಂಡು ಹೋಗ್ತಿದ್ದಾಗ ನಾನು ಪರದೆ ಸಂದಿಯಿಂದ ನೋಡ್ತಿದ್ದೆ," ಎಂದಳು. ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಸಹಿಸಲು ಸುಲಭವಾಗುತ್ತಿತ್ತು. "ಸ್ಟೇಜಿಂದ ಇಳಿದು ಓಡಿ ಬಂದೆ. ಇದೊಂದು ಬಿಟ್ಬಿಡಿ, ಇದು ನನ್ನ ಗಂಡಂದು, ಅವರು ಖಂಡಿತ ಬರ್ತಾರೆ ಅಂತ ಕೈ ಮುಗಿದೆ. ಪಕ್ಕದ ಸೀಟಿನ ಅಜ್ಜಿಗೆ ನೋಡ್ಕೊಳ್ಳಿ ಅಂದೆ. ಪಾಪ, ಆ ಅಜ್ಜಿ ಎಷ್ಟೋ ಜನಾನ ಬೈದು ಓಡಿಸಿದಾರೆ. ಹಾಲ್ ತುಂಬ ಜನ ರೀ, ಮೆಟ್ಟಿಲ ಮೇಲೆಲ್ಲ ನಿಂತಿದ್ರು. ಅದೊಂದೇ ಸೀಟು ಖಾಲಿ. ನಾನು ಕಣ್ಣು ಬಿಟ್ಟಾಗೆಲ್ಲ ಇದೇ ಎದುರಿಗೆ."

ಮೊದಲನೇ ಸಾಲು, ನಟ್ಟನಡುವೆ, ಪುಕ್ಕಟೆ ಸೀಟು, ಅವನಿಗಾಗಿಯೇ ಕಾದಿತ್ತು! ಗುರುಶಾಂತಪ್ಪ ಕರ್ಚೀಫಿಗೆ ಕೈ ಚಾಚಿದ. ಅದೇ ಗಳಿಗೆಗೆ ಅವನ ಜೇಬಿನಲ್ಲಿ ಫೋನು ಗುರ್ ಎಂದಿತು.

"ಹೋಗಿ," ಎಂದಳು ಮಹಾಶ್ವೇತಾ. "ಕಾರು ಕರೀತಿದೆ."

ಗುರುಶಾಂತಪ್ಪ ಫೋನು ತೆಗೆದು, ಅದರ ಕತ್ತು ಹಿಸುಕುವವನಂತೆ ಒತ್ತಿ ಹಿಡಿದು ಆರಿಸಿಬಿಟ್ಟ. "ದಂಡ ಹಾಕ್ತಾರಾ? ಹಾಕ್ಲಿ! ಎಳ್ಕಂಡು ಹೋಗ್ತಾರಾ? ಹೋಗ್ಲಿ! ಇನ್ನರ್ಧ ನಾನೇ ಕುಂತು ಕೇಳ್ತೀನಿ. ಕೊನೇವರೆಗೂ! ಕೊಡು ಆ ಕರ್ಚೀಫು."

ಮಹಾಶ್ವೇತಾ ಕರ್ಚೀಫನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಅವನಿಗೆ ಕೊಡಲಿಲ್ಲ.

"ಇಲ್ಲ ರೀ. ಇದು ಫಸ್ಟ್ ಹಾಫ್ ಪೂರ್ತಿ ಕೂತು ಕೇಳಿದೆ. ಒಂದು ಸಲಾನೂ ಮಧ್ಯ ಎದ್ದು ಹೋಗ್ಲಿಲ್ಲ. ಆ ಸೀಟು ಇದರದ್ದೇ. ನೀವು ಹಿಂದೆ ಹೋಗಿ ನಿಂತ್ಕೊಳಿ."